ದೇಯಕ್ಕನ ಸೆರಗಿನ ಗಂಟು

ಹುಲಿಮರಡಿ ದುರ್ಗದಲ್ಲಿ ಬೆಳಗಾಗುತ್ತಿದ್ದುದು ಕೊತ್ತಂಬರಿ ಹುರಿಯುವ ವಾಸನೆಯೊಡನೆ. ಬೋಳುಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತಿದ್ದ ಆ ಬೆಟ್ಟದ ನೆತ್ತಿಯಲ್ಲಿ ನಾಯಕರ ಅರಮನೆ. ಅರಮನೆಯ ಮೂಡಣ ಮೂಲೆಯಲ್ಲಿ ತಗ್ಗು ಮಾಳಿಗೆಯ ಒಂದು ಕೋಣೆ. ಅದಕ್ಕೆ ಕಷಾಯದ ಮನೆಯೆಂದು ಹೆಸರು. ಸೂರ್ಯನ ಮೊದಲ ಕಿರಣ ಕೋಟೆಯ ತೆನೆಗಳನ್ನು ಮುಟ್ಟುವ ಹೊತ್ತಿಗೆ ಅಲ್ಲಿಂದ ಹೊರಟ ಪರಿಮಳವು ಗಾಳಿಯೊಡನೆ ಮೆಟ್ಟಿಲಿಳಿದು, ಕುದುರೆಲಾಯಗಳನ್ನು ದಾಟಿ, ಏಳು ಸುತ್ತಿನ ಬಾಗಿಲುಗಳನ್ನು ಯಾವ ಕಾವಲಿನವನ ಅಪ್ಪಣೆಯೂ ಇಲ್ಲದೆ ಹಾಯ್ದು, ಪೇಟೆಯ ಬೀದಿಗೆ ಬರುತ್ತಿತ್ತು. ಮೊದಲು ಕೊತ್ತಂಬರಿ, ಅದರ ಹಿಂದೆ ಜೀರಿಗೆ, ಆಮೇಲೆ ಮೆಂತ್ಯ, ಕೊನೆಗೆ ಒಣಶುಂಠಿ ಮತ್ತು ಕಾಳುಮೆಣಸು.

ಬಳೆಗಾರರ ಬೀದಿಯ ಹೆಂಗಸರು ಅಂಗಳ ಗುಡಿಸುತ್ತಿದ್ದವರು ಕಸಬರಿಗೆ ನಿಲ್ಲಿಸಿ ಮೂಗೆತ್ತುತ್ತಿದ್ದರು.

“ಇವತ್ತು ಹಿಪ್ಪಲಿ ಬಿದ್ದಿದೆ.”

“ಹಿಪ್ಪಲಿಯಲ್ಲ ಕಣೇ, ಜ್ಯೇಷ್ಠಮಧು. ನಿನ್ನ ಮೂಗಿಗೆ ನೆಗಡಿ.”

ಒಬ್ಬೊಬ್ಬಳೂ ತನ್ನ ಮನೆಯಲ್ಲಿ ಹಾಗೆಯೇ ಹುರಿದು, ಹಾಗೆಯೇ ಕುಟ್ಟಿ, ಬೆಲ್ಲವಿಟ್ಟು ಕುದಿಸಿ ನೋಡುತ್ತಿದ್ದಳು. ಗಂಡ ಕುಡಿದು ಚೆನ್ನಾಗಿದೆಯೆನ್ನುತ್ತಿದ್ದ. ಅತ್ತೆ ಕುಡಿದು, “ಚೆನ್ನಾಗಿದೆ, ಆದರೆ ಏನೋ ಒಂದು ಕಡಿಮೆ” ಎನ್ನುತ್ತಿದ್ದಳು. ಆ ಕಡಿಮೆಯಾದದ್ದು ಇಡೀ ದುರ್ಗದಲ್ಲಿ ಒಂದೇ ಕಡೆ ಇತ್ತು: ದೇಯಕ್ಕನ ಸೆರಗಿನ ತುದಿಯ ಗಂಟಿನಲ್ಲಿ.

ದೇಯಕ್ಕ ಘಟ್ಟದ ಕೆಳಗಿನ ಸಮುದ್ರ ಸೀಮೆಯವಳು. ಈಗಿನ ದೊರೆ ಹಾಲಪ್ಪನಾಯಕರ ತಾಯಿ ಅಲ್ಲಿಂದ ಮದುವೆಯಾಗಿ ಬಂದಾಗ ಅವರ ಪಲ್ಲಕ್ಕಿಯ ಹಿಂದೆ ನಡೆದು ಬಂದವಳು. ಬರುವಾಗ ಮದುಮಗಳ ಬಳುವಳಿಯಾಗಿ ಎರಡು ತಾಮ್ರದ ತಪ್ಪಲೆಗಳು ಬಂದಿದ್ದವು, ಒಂದೇ ಅಚ್ಚಿನ ಅವಳಿಗಳು. ನಲವತ್ತು ವರ್ಷಗಳಲ್ಲಿ ಅವಳು ತವರಿಗೆ ಮರಳಲಿಲ್ಲ. ರಾಣಿ ತೀರಿಕೊಂಡ ಮೇಲೆ ನಾಲ್ಕು ವರ್ಷದ ಕೂಸಾಗಿದ್ದ ಹಾಲಪ್ಪನ ಎದೆಯ ಕಫವನ್ನು ಒಂದೊಂದು ಚಮಚ ಕಷಾಯದಿಂದ ಕರಗಿಸಿ ಅವನನ್ನು ಉಳಿಸಿಕೊಂಡವಳು ಅವಳೇ. ಆ ಕೂಸು ಸಿಂಹಾಸನವೇರಿ, ಮೀಸೆ ನರೆಯಲು ತೊಡಗಿದ ಮೇಲೂ ಬೆಳಗಿನ ಬೆಳ್ಳಿಯ ಬಟ್ಟಲು ಅವಳ ಕೈಯಿಂದಲೇ ಹೋಗಬೇಕು. ಅರಮನೆಯ ಕಟ್ಟಳೆಯಂತೆ ಕುದಿಸಿದವಳು ಅದೇ ತಪ್ಪಲೆಯಿಂದ ದೊರೆಯ ಎದುರಿಗೆ ಮೊದಲ ಗುಟುಕು ಕುಡಿಯಬೇಕು, ಆಮೇಲೆ ದೊರೆ. ಆ ಒಂದು ಗುಟುಕಿನ ಹೊತ್ತು ಅವಳಿಗೆ ದಿನದ ದೇವರ ಪೂಜೆಯಾಗಿತ್ತು.

ಪುಡಿ ಕೂಡಿಸುವಾಗ ಅವಳು ಎಲ್ಲವನ್ನೂ ಎಲ್ಲರ ಮುಂದೆ ಹಾಕುತ್ತಿದ್ದಳು: ಕೊತ್ತಂಬರಿ ಮೂರು ಹಿಡಿ, ಜೀರಿಗೆ ಒಂದು, ಮೆಂತ್ಯ ಅರೆ, ಶುಂಠಿ ಎರಡು ಬೆರಳುದ್ದ. ಕೊನೆಯಲ್ಲಿ ಮಾತ್ರ ಗೋಡೆಯ ಕಡೆ ತಿರುಗಿ, ಸೆರಗಿನ ಗಂಟು ಬಿಚ್ಚಿ, ಒಂದು ಚಿಟಿಕೆ ಏನನ್ನೋ ಉದುರಿಸಿ, ಮತ್ತೆ ಗಂಟು ಹಾಕಿಕೊಳ್ಳುತ್ತಿದ್ದಳು. ಕೇಳಿದವರಿಗೆ, “ನಮ್ಮೂರಿನ ಗಾಳಿ” ಎಂದು ಹೇಳಿ ನಗುತ್ತಿದ್ದಳು.

ಆ ವರ್ಷದ ಬೇಸಿಗೆಯಲ್ಲಿ ಒಂದು ಬೆಳಗು ಹಾಲಪ್ಪನಾಯಕರು ಬಟ್ಟಲನ್ನು ಅರ್ಧಕ್ಕೇ ಕೆಳಗಿಟ್ಟರು.

“ಯಾಕೆ ಒಡೆಯ?”

“ಎದೆ ಉರಿಯುತ್ತದೆ, ದೇಯಮ್ಮ. ನಾಳೆ ಮೆಣಸು ಕಡಿಮೆ ಮಾಡು.”

ಮೆಣಸು ಕಡಿಮೆಯಾಯಿತು, ಶುಂಠಿ ಕಡಿಮೆಯಾಯಿತು. ಉರಿ ಕಡಿಮೆಯಾಗಲಿಲ್ಲ. ಕಫದ ಕೂಸು ಪಿತ್ತದ ಗಂಡಸಾಗಿ ವರ್ಷಗಳೇ ಆಗಿದ್ದವು. ಅದನ್ನು ಅವಳ ಕೈ ಒಪ್ಪಲಿಲ್ಲ. ಅದೇ ತಿಂಗಳು ಬೇಟೆಗೆ ಹೋದ ದೊರೆ ಬಿಸಿಲಿಗೆ ಬಸವಳಿದು ಕಾಡಂಚಿನ ಒಂದು ಹಟ್ಟಿಯಲ್ಲಿ ಮಲಗಿದಾಗ, ಬೇರು ನಾರು ಆಯುವ ಒಬ್ಬ ವಿಧವೆ ಮಣ್ಣಿನ ಕುಡಿಕೆಯಲ್ಲಿ ತನ್ನ ಕಷಾಯವನ್ನು ಆರಿಸಿ ಕೊಟ್ಟಳು. ಸೊಗದೇ ಬೇರು, ಲಾವಂಚ, ಒಣಗಿಸಿದ ನೆಲ್ಲಿಚೆಟ್ಟು. ದೊರೆ ಎರಡು ಕುಡಿಕೆ ಕುಡಿದು, ಎದ್ದು ಕುಳಿತು, “ನಿನ್ನ ಹೆಸರೇನಮ್ಮ?” ಎಂದು ಕೇಳಿದರು.

“ಗಿರಿಯವ್ವ, ಬುದ್ಧೀ.”

ಹತ್ತು ದಿನಗಳಲ್ಲಿ ಗಿರಿಯವ್ವ ಬೇರಿನ ಗಂಟು ಹೊತ್ತು ಕಷಾಯದ ಮನೆಯ ಹೊಸಿಲಲ್ಲಿ ನಿಂತಿದ್ದಳು. ದೊರೆಯ ಅಡುಗೆಗೆ ಮಣ್ಣಿನ ಮಡಕೆ ನಿಷಿದ್ಧವಾದ್ದರಿಂದ ಉಗ್ರಾಣದವರು ಅವಳಿಗೊಂದು ತಾಮ್ರದ ತಪ್ಪಲೆ ಕೊಟ್ಟರು. ಕೊಟ್ಟದ್ದು ದೇಯಕ್ಕನ ಅವಳಿ ತಪ್ಪಲೆಗಳಲ್ಲಿ ಒಂದನ್ನು.

ಅಂದಿನಿಂದ ದೇಯಕ್ಕನಿಗೆ ಅನ್ನ ರುಚಿಸಲಿಲ್ಲ. ಗಿರಿಯವ್ವ ಕೆಟ್ಟವಳಾಗಿದ್ದರೆ ಸುಲಭವಾಗುತ್ತಿತ್ತು. ಅವಳು ಬೆಳಗಾಗುವ ಮೊದಲೇ ಎದ್ದು ಇಬ್ಬರ ಒಲೆಯನ್ನೂ ಸಾರಿಸುತ್ತಿದ್ದಳು. “ಅವ್ವಾ, ನೀವು ಮೆಂತ್ಯ ಹುರಿಯುವುದನ್ನು ನೋಡಿದರೆ ಕಣ್ಣು ತುಂಬುತ್ತದೆ” ಎನ್ನುತ್ತಿದ್ದಳು. ದೇಯಕ್ಕ ಜೋರಾಗಿ ಬಾಣಲೆ ಕುಲುಕುತ್ತಿದ್ದಳು. ದೊರೆ ಎಷ್ಟು ಗುಟುಕಿಗೆ ಬಟ್ಟಲು ಬರಿದು ಮಾಡಿದರೆಂದು ಕಂಬದ ಮರೆಯಿಂದ ಎಣಿಸುತ್ತಿದ್ದಳು. ಗಿರಿಯವ್ವ ನೀರಿಗೆ ಹೋದಾಗ ಅವಳ ಕುಟ್ಟಾಣಿಯನ್ನು ಮೂಸಿ ನೋಡುತ್ತಿದ್ದಳು. ವಾಸನೆ ಚೆನ್ನಾಗಿಯೇ ಇರುತ್ತಿತ್ತು, ಅದೇ ಸಂಕಟ. ಬೆಳಗಿನ ಬಟ್ಟಲು ಗಿರಿಯವ್ವನದಾಯಿತು. ದೇಯಕ್ಕನ ಕಷಾಯ ಬಾಗಿಲ ಕಾವಲಿನವರಿಗೆ ಹೋಯಿತು. ಅವರು ಕುಡಿದು, “ಆಹಾ, ರಾಜಭೋಗ!” ಎಂದು ಹೊಗಳಿದರು. ಆ ಹೊಗಳಿಕೆ ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು.

ಇದನ್ನೆಲ್ಲ ಅರಮನೆಯಲ್ಲಿ ಒಬ್ಬರು ಸೂಕ್ಷ್ಮವಾಗಿ ಗಮನಿಸುತ್ತಿದ್ದರು. ಅವರು ಪ್ರಧಾನಿ ಸಾಂತರಸಯ್ಯ. ದೊರೆಯ ದಾಯಾದಿ ತಮ್ಮ ಬೊಮ್ಮಣ್ಣನಾಯಕನಿಗೆ ತಮ್ಮ ಒಬ್ಬಳೇ ಮಗಳನ್ನು ಕೊಟ್ಟಿದ್ದರು. ಬೊಮ್ಮಣ್ಣ ಸಾಧು, ಕುದುರೆ ಮತ್ತು ಹಾಡು ಬಿಟ್ಟರೆ ಬೇರೆ ಆಸೆಯಿಲ್ಲದವನು, ಆಸೆಯೆಲ್ಲ ಮಾವನದು. ಹುಲಿಮರಡಿಯಲ್ಲಿ ಒಂದು ಹಳೆಯ ಕಟ್ಟಳೆಯಿತ್ತು. ವಿಜಯದಶಮಿಯ ದಿನ ಕುದುರೆಯೇರಿ ಬನ್ನಿಯ ಮರದವರೆಗೆ ಹೋಗಿ ಕೊಂಬೆ ಕಡಿಯಲಾರದ ನಾಯಕ, ಕತ್ತಿಯನ್ನು ಹತ್ತಿರದ ದಾಯಾದಿಗೆ ಒಪ್ಪಿಸಿ ಸಿಂಹಾಸನದಿಂದ ಇಳಿಯಬೇಕು.

ನವರಾತ್ರಿಗೆ ಇನ್ನೂ ಹದಿನೈದು ದಿನವಿರುವಾಗ ಸಾಂತರಸಯ್ಯನವರು ಒಂದು ಮಧ್ಯಾಹ್ನ ಕಷಾಯದ ಮನೆಗೆ ತಾವಾಗಿ ಬಂದರು. ಗಿರಿಯವ್ವ ಬೇರು ತೊಳೆಯಲು ಹೊಂಡಕ್ಕೆ ಹೋಗಿದ್ದಳು.

“ತಲೆ ಭಾರವಾಗಿದೆ, ದೇಯಕ್ಕ. ನಿನ್ನ ಕೈಯ ಒಂದು ಬಟ್ಟಲು ಸಿಗುವುದೋ, ಅಥವಾ ಎಲ್ಲವೂ ಕಾವಲಿನವರ ಪಾಲೋ?”

ದೇಯಕ್ಕ ಬಾಣಲೆ ಇಳಿಸಿದಳು. “ಪ್ರಧಾನರಿಗೆ ಇಲ್ಲವೆನ್ನುವುದುಂಟೇ? ಕುಳಿತುಕೊಳ್ಳೋಣವಾಗಲಿ.”

ಅವರು ಕುಡಿದು, ಕಣ್ಣು ಮುಚ್ಚಿ, ತಲೆದೂಗಿದರು. “ಇದನ್ನು ಬಿಟ್ಟು ಹಟ್ಟಿಯವಳ ಬೇರಿನ ನೀರು! ಮೊನ್ನೆ ದೊರೆಗಳು ಸಭೆಯಲ್ಲಿ ಹೇಳಿದರು, ‘ಇಷ್ಟು ವರ್ಷ ನನಗೆ ಬೆಂಕಿ ಕುಡಿಸಿದರು’ ಎಂದು. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.”

ದೊರೆ ಹಾಗೆ ಹೇಳಿರಲಿಲ್ಲ. ಆದರೆ ಹೊಟ್ಟೆಕಿಚ್ಚಿಗೆ ಸಾಕ್ಷಿ ಬೇಕಾಗುವುದಿಲ್ಲ.

“ಬೆಂಕಿಯೇ?” ಎಂದಳು ದೇಯಕ್ಕ. “ಆ ಬೆಂಕಿಯಿಲ್ಲದಿದ್ದರೆ ಇವತ್ತು ದೊರೆಯೇ ಇರುತ್ತಿರಲಿಲ್ಲ. ಅವಳಿಗೇನು ಗೊತ್ತು, ಸ್ವಾಮೀ? ನೆಲ್ಲಿಚೆಟ್ಟು ಗೊತ್ತು, ತಾಮ್ರ ಗೊತ್ತಿಲ್ಲ. ಮಣ್ಣಿನ ಮಡಕೆಯವಳು. ರಾತ್ರಿಯಿಡೀ ಆ ಹುಳಿಯನ್ನು ತಪ್ಪಲೆಯಲ್ಲೇ ನೆನೆಹಾಕುತ್ತಾಳೆ. ಒಳಗೆ ತವರದ ಕಲಾಯಿಯಿದೆ, ನಡೆಯುತ್ತಿದೆ. ಕಲಾಯಿ ಹೋದ ದಿನ ಆ ಹುಳಿ ತಾಮ್ರವನ್ನು ತಿಂದು ಕಿಲುಬು ಉಗುಳುತ್ತದೆ. ನಾಲ್ಕೇ ದಿನ ಸಾಕು, ಯಾರ ಕೈ ಎಂಥದೆಂದು ತಿಳಿಯುತ್ತದೆ.”

“ಹೌದೇ?” ಎಂದರು ಪ್ರಧಾನಿ. ಬಟ್ಟಲನ್ನು ಕೆಳಗಿಟ್ಟು, ಮೇಲುಹೊದಿಕೆ ಸರಿಮಾಡಿಕೊಂಡು, “ತಲೆಭಾರ ಇಳಿಯಿತು” ಎಂದು ಹೇಳಿ ಹೊರಟುಹೋದರು.

ನವರಾತ್ರಿಯ ಮುಂಚಿನ ಅಮಾವಾಸ್ಯೆಗೆ ಅರಮನೆಯ ಪಾತ್ರೆಗಳೆಲ್ಲ ಕಲಾಯಿಗೆ ಹೋಗುವುದು ವಾಡಿಕೆ. ಹಳೆಯ ತವರವನ್ನು ಕೆರೆದು, ಮರಳಿನಿಂದ ಉಜ್ಜಿ, ಹೊಸ ಕಲಾಯಿ ಹಚ್ಚಿ ಪಾಡ್ಯದ ಬೆಳಗಿಗೆ ಹಿಂದಿರುಗಿಸುತ್ತಿದ್ದರು. ಈ ಸಲವೂ ಬಂದವು. ಗಿರಿಯವ್ವ ತನ್ನ ತಪ್ಪಲೆಯನ್ನು ಎತ್ತಿ ಬಿಸಿಲಿಗೆ ಹಿಡಿದು ಮಗುವಿನಂತೆ ಹಿಗ್ಗಿದಳು.

“ನೋಡಿ ಅವ್ವಾ, ಎಷ್ಟು ಚೆನ್ನಾಗಿ ಬೆಳಗಿದ್ದಾರೆ! ಒಳಗೆಲ್ಲ ಕೆಂಡದ ಹಾಗೆ ಹೊಳೆಯುತ್ತದೆ.”

ದೇಯಕ್ಕ ನೋಡಿದಳು. ತಪ್ಪಲೆಯ ಒಳಮೈ ಕೆಂಪಗೆ ಹೊಳೆಯುತ್ತಿತ್ತು. ಬೆಳ್ಳಗಿರಬೇಕಾದ ಕಡೆ ಬರಿಯ ತಾಮ್ರ. ಕೆರೆದಿದ್ದರು, ಉಜ್ಜಿದ್ದರು, ಕಲಾಯಿ ಹಚ್ಚಿರಲಿಲ್ಲ. ಅವಳ ಬಾಯಿ ತೆರೆಯಿತು. ಒಂದು ಮಾತು ಸಾಕಾಗಿತ್ತು. ಆಗ ಗಿರಿಯವ್ವ ನಗುತ್ತ, “ನಿಮ್ಮದಕ್ಕಿಂತ ನನ್ನದೇ ಚೆಂದ ಬಂದಿದೆ, ಅಲ್ಲವೇ ಅವ್ವಾ?” ಎಂದಳು, ತಮಾಷೆಗೆ.

“ಹೂಂ. ಬೆಳಗಿದ್ದಾರೆ,” ಎಂದಳು ದೇಯಕ್ಕ. ತಿರುಗಿ ತನ್ನ ಒಲೆ ಊದತೊಡಗಿದಳು.

ಕಲಾಯಿಗಾರ ಮರೆತಿರಬೇಕೆಂದು ಅವಳು ತನಗೆ ತಾನೇ ಹೇಳಿಕೊಂಡಳು. ನಾಳೆ ಹೇಳುತ್ತೇನೆ, ದೊರೆಗೆ ಒಂದು ಸಲ ವಾಕರಿಕೆ ಬರಲಿ, ಅವರಾಗಿಯೇ ನನ್ನ ಬಟ್ಟಲು ಕೇಳುತ್ತಾರೆ, ಆಮೇಲೆ ಹೇಳಿದರಾಯಿತು. ಪಾಡ್ಯ ಕಳೆಯಿತು. ಬಿದಿಗೆಯಂದು ದೊರೆಗೆ ಊಟ ಸೇರಲಿಲ್ಲ. ತದಿಗೆಯಂದು ವಾಂತಿ. ಚೌತಿಯ ಬೆಳಗು ಗಿರಿಯವ್ವ ಹಿತ್ತಲಿನ ಬಂಡೆಯ ಮರೆಯಲ್ಲಿ ಬಾಗಿ ಕಾರಿಕೊಳ್ಳುತ್ತಿದ್ದುದು ದೇಯಕ್ಕನ ಕಣ್ಣಿಗೆ ಬಿತ್ತು. ದಿನವೂ ಮೊದಲ ಗುಟುಕು ಅವಳದಲ್ಲವೇ? ಬಾಯಿ ಒರೆಸಿಕೊಳ್ಳುತ್ತ ಬಂದವಳು, “ನವರಾತ್ರಿಯ ಉಪವಾಸ ನನಗೆ ಒಗ್ಗುವುದಿಲ್ಲ ಅವ್ವಾ” ಎಂದಳು.

ದೇಯಕ್ಕ ಅಂದೂ ಹೇಳಲಿಲ್ಲ. ಮೊದಲ ದಿನ ಹೇಳದ ಮಾತು ನಾಲ್ಕನೆಯ ದಿನಕ್ಕೆ ಅಪರಾಧವಾಗಿ ಬೆಳೆದಿತ್ತು. ಈಗ ಹೇಳಿದರೆ ತಾನೇಕೆ ಮೊದಲೇ ಹೇಳಲಿಲ್ಲವೆಂಬುದಕ್ಕೆ ಉತ್ತರ ಕೊಡಬೇಕಾಗಿತ್ತು.

ಪಂಚಮಿಯ ಸಂಜೆ ದೊರೆ ಹಾಸಿಗೆಯಿಂದ ಏಳಲಾರದೆ ಹೋದರು. ಅರಮನೆಯ ವೈದ್ಯರು ನಾಡಿ ಹಿಡಿದು ವಿಷವೆಂದರು. ಸಾಂತರಸಯ್ಯನವರು ಕೂಡಲೇ ಗಿರಿಯವ್ವನನ್ನು ಹಿಡಿಸಿ ಕಲ್ಲುಗವಿಗೆ ಹಾಕಿಸಿದರು. ಕಾಡಿನವಳು ವಿಷದ ಬೇರು ಬೆರೆಸಿದಳೆಂಬ ಸುದ್ದಿ ಪಂಜು ಹಚ್ಚುವ ಹೊತ್ತಿಗೆ ಪೇಟೆಯಲ್ಲೆಲ್ಲ ಹರಡಿತು.

ಷಷ್ಠಿಯ ಬೆಳಗು ಬೆಳ್ಳಿಯ ಬಟ್ಟಲು ಮತ್ತೆ ದೇಯಕ್ಕನ ಕೈಗೆ ಬಂತು. ಆರು ತಿಂಗಳಿಂದ ಅವಳು ಬೇಡಿದ್ದ ಬೆಳಗು ಅದು. ಅವಳು ಮಡಿಯುಟ್ಟು, ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಹುರಿದು, ಗಂಟು ಬಿಚ್ಚಿ ಚಿಟಿಕೆ ಉದುರಿಸಿ, ಸೋಸಿ ಒಯ್ದಳು. ಮೊದಲ ಗುಟುಕು ಕುಡಿದು ಬಟ್ಟಲನ್ನು ದೊರೆಯ ತುಟಿಗೆ ಹಿಡಿದಳು. ಹಾಲಪ್ಪನಾಯಕರು ಒಂದು ಗುಟುಕು ನುಂಗಿ ಮುಖ ಹಿಂಡಿ ಗೋಡೆಯ ಕಡೆ ಹೊರಳಿದರು.

“ಬೇಡ ದೇಯಮ್ಮ, ಉರಿಯುತ್ತದೆ. ನಿನ್ನ ಮನಸ್ಸು ನೋಯಿಸಬಾರದೆಂದು ಎಷ್ಟೋ ವರ್ಷ ಕುಡಿದೆ. ಇನ್ನು ಆಗುವುದಿಲ್ಲ.”

ಅವಳು ತುಂಬಿದ ಬಟ್ಟಲನ್ನು ಹಿಂದಕ್ಕೆ ತಂದಳು. ಹೊಸಿಲಲ್ಲಿ ಪ್ರಧಾನಿಯ ಊಳಿಗದವನು ಕಾದಿದ್ದ.

“ಗಿರಿಯವ್ವನ ತಪ್ಪಲೆ ಕೊಡಬೇಕಂತೆ. ಪ್ರಧಾನರ ಅಪ್ಪಣೆ.”

“ಬೇರಿನ ಗಂಟು?”

“ಅದು ಬೇಡವಂತೆ. ತಪ್ಪಲೆ ಮಾತ್ರ.”

ವಿಷ ಬೇರಿನಲ್ಲಿದೆಯೆಂದು ಸಾರಿದವರಿಗೆ ಬೇರು ಬೇಡ, ತಪ್ಪಲೆ ಬೇಕು! ದೇಯಕ್ಕ ಒಳಗೆ ಬಂದು ಕೆಂಪು ತಪ್ಪಲೆಯನ್ನು ಎತ್ತಿ ನೋಡಿದಳು. ಕಲಾಯಿಗಾರ ಮರೆತಿರಲಿಲ್ಲ. ತಾನು ಹೊಟ್ಟೆಕಿಚ್ಚಿನಿಂದ ಆಡಿದ ಮಾತನ್ನು ಪ್ರಧಾನಿ ಹೆಕ್ಕಿಕೊಂಡು ಹೋಗಿ, ಅದನ್ನೇ ದೊರೆಯ ಹೊಟ್ಟೆಗೆ ಇಳಿಸಿದ್ದರು. ಅವಳಿಗಳಲ್ಲಿ ಒಂದನ್ನು ತೆಗೆದು ಅವಳು ಊಳಿಗದವನ ಕೈಗಿಟ್ಟಳು. ಅವನು ಅದನ್ನು ಒಯ್ದು ಹೊಂಡಕ್ಕೆ ಎಸೆದ. ಅದು ಅವಳದೇ ತಪ್ಪಲೆ, ನಲವತ್ತು ವರ್ಷ ಅವಳ ಕೈಯಲ್ಲಿ ಸವೆದದ್ದು. ಗಿರಿಯವ್ವನದನ್ನು ಅವಳು ಒಲೆಯ ಹಿಂದಿನ ಬೂದಿಯಲ್ಲಿ ಹುದುಗಿಸಿದ್ದಳು.

ಸಪ್ತಮಿಯ ಮಧ್ಯಾಹ್ನ ಅವಳು ಗಂಜಿ ಹಿಡಿದುಕೊಂಡು ಕಲ್ಲುಗವಿಗೆ ಹೋದಳು. ಗಿರಿಯವ್ವ ಕಂಬಿಯ ಬಳಿಗೆ ತೆವಳಿ ಬಂದಳು.

“ದೊರೆ ಹೇಗಿದ್ದಾರೆ ಅವ್ವಾ?”

“ಇದ್ದಾರೆ.”

“ಮಜ್ಜಿಗೆ ಕೊಡಿ, ನೀರಾಗಿ ಕಡೆದದ್ದು. ಎಳನೀರು ಕೊಡಿ. ನನ್ನ ಬೇರಿನ ಗಂಟಿನದು ಏನೂ ಕೊಡಬೇಡಿ.” ಅವಳು ತನ್ನ ಎರಡು ಅಂಗೈಗಳನ್ನೂ ಬಿಡಿಸಿ ನೋಡಿಕೊಂಡಳು. “ಸೊಗದೇ ಬೇರಿನ ಹಾಗೆಯೇ ಕಾಣುವ ಒಂದು ಕೆಟ್ಟ ಬೇರಿದೆ, ಅವ್ವಾ. ನನ್ನ ಅಪ್ಪ ತೋರಿಸಿದ್ದ. ಇಷ್ಟು ವರ್ಷ ತಪ್ಪಿರಲಿಲ್ಲ. ಈ ಸಲ ತಪ್ಪಿದೆನೋ ಏನೋ. ನಾಳೆ ಸಭೆಯಲ್ಲಿ ಒಪ್ಪಿಕೊಳ್ಳುತ್ತೇನೆ. ನಾನು ಒಪ್ಪದಿದ್ದರೆ ನಿಮ್ಮ ಮೇಲೂ ಅನುಮಾನ ಬರುತ್ತದೆ. ನೀವೂ ಅದೇ ಮನೆಯವರಲ್ಲವೇ?”

ದೇಯಕ್ಕ ಗಂಜಿಯನ್ನು ಕಂಬಿಯ ಬಳಿ ಕುಕ್ಕಿದಳು. ಒಪ್ಪಿಕೊಂಡವರನ್ನು ಹದ್ದಿನ ಕೋಡಿನಿಂದ ಕೆಳಗೆ ತಳ್ಳುತ್ತಾರೆಂಬುದು ದುರ್ಗದ ಕೂಸಿಗೂ ತಿಳಿದಿತ್ತು.

“ಬಾಯಿ ಮುಚ್ಚಿಕೊಂಡಿರು,” ಎಂದಳು ಒರಟಾಗಿ. “ಬೇರಿನಲ್ಲೂ ನಿನ್ನದೇ ಜಾಣತನ, ತಪ್ಪಿನಲ್ಲೂ ನಿನ್ನದೇ ಜಾಣತನ! ನಾಳೆ ನಾನು ಬರುವವರೆಗೆ ಏನೂ ಮಾತಾಡಬೇಡ.”

ಸಂಜೆ ಅವಳು ತನ್ನ ಕಷಾಯ ಕುಡಿಯುತ್ತಿದ್ದ ಇಬ್ಬರು ಕಾವಲಿನವರನ್ನು ಕರೆದು ಒಲೆಯ ಮುಂದೆ ಕೂರಿಸಿದಳು. “ನೋಡಿ ಮಕ್ಕಳೇ, ಕಣ್ಣಾರೆ ನೋಡಿ. ಇದು ಬರಿಯ ನೀರು. ಇದು ನೆಲ್ಲಿಚೆಟ್ಟು, ನಿಮ್ಮ ಮನೆಯಲ್ಲೂ ಇರುವುದು. ಮತ್ತೇನೂ ಇಲ್ಲ.” ಅವರ ಎದುರಿಗೇ ಬೂದಿಯಿಂದ ತೆಗೆದು ತೊಳೆದ ಕೆಂಪು ತಪ್ಪಲೆಯಲ್ಲಿ ಅದನ್ನು ನೆನೆಹಾಕಿ, ಬಟ್ಟೆ ಕಟ್ಟಿ, ಗಂಟಿನ ಮೇಲೆ ಇಬ್ಬರ ಉಂಗುರದ ಮುದ್ರೆಯನ್ನೂ ಅರಗಿನಲ್ಲಿ ಒತ್ತಿಸಿದಳು.

ದುರ್ಗಾಷ್ಟಮಿಯ ಬೆಳಗು ಸಭೆ ಸೇರಿತು. ದೊರೆಯನ್ನು ಮಂಚದ ಸಹಿತ ಹೊತ್ತು ತಂದು ದಿಂಬುಗಳಿಗೆ ಒರಗಿಸಿದ್ದರು. ಬಲಕ್ಕೆ ಪ್ರಧಾನಿ, ಎಡಕ್ಕೆ ಬೊಮ್ಮಣ್ಣನಾಯಕ, ನಡುವೆ ಕೈಕಟ್ಟಿಸಿಕೊಂಡ ಗಿರಿಯವ್ವ.

“ಮಹಾಸ್ವಾಮಿಗಳು ಆಯಾಸಪಡಬೇಕಾಗಿಲ್ಲ,” ಎಂದರು ಸಾಂತರಸಯ್ಯ. “ವೈದ್ಯರ ಮಾತಿದೆ, ಇವಳ ಬೇರಿನಲ್ಲಿ ವಿಷವಿದೆ. ಅಪ್ಪಣೆಯೊಂದೇ ಬಾಕಿ.”

ಆಗ ಜನ ಸರಿದು ದಾರಿ ಬಿಟ್ಟರು. ಸೊಂಟದ ಮೇಲೆ ತಪ್ಪಲೆ, ಹಿಂದೆ ಕೆಂಡ ಹೊತ್ತ ಇಬ್ಬರು ಕಾವಲಿನವರು; ದೇಯಕ್ಕ ಸಭೆಯ ನಡುವಿಗೆ ಬಂದು ಕುಳಿತು, ಮೂರು ಕಲ್ಲು ಹೂಡಿ ಒಲೆ ಮಾಡಿದಳು. ಹೊಂಡದ ಪಾಲಾಯಿತೆಂದುಕೊಂಡಿದ್ದ ತಪ್ಪಲೆಯನ್ನು ಕಂಡು ಪ್ರಧಾನಿ ಎದ್ದು ನಿಂತರು.

“ಏನಿದು ಹುಚ್ಚಾಟ? ಇದು ರಾಜಸಭೆ, ಅಡುಗೆಮನೆಯಲ್ಲ!”

“ಇರಲಿ, ಪ್ರಧಾನರೇ,” ಎಂದರು ದೊರೆ, ಕ್ಷೀಣವಾಗಿ. “ದೇಯಮ್ಮ ಒಲೆ ಹಚ್ಚಿದ್ದನ್ನು ಯಾರೂ ಆರಿಸಕೂಡದು.”

ಕಾವಲಿನವರು ತಾವು ಕಂಡದ್ದನ್ನು ಹೇಳಿ ಮುದ್ರೆಗಳನ್ನು ತೋರಿಸಿದರು. ತಪ್ಪಲೆ ಕುದಿಯಿತು. ದೇಯಕ್ಕ ಸೋಸಿ ಮೂರು ಬಟ್ಟಲಿಗೆ ಸುರಿದು, ಕಟ್ಟಳೆಯಂತೆ ದೊರೆಯನ್ನು ನೋಡುತ್ತ ಮೊದಲನೆಯದನ್ನು ಎತ್ತಿದಳು. ಒಂದು ಗುಟುಕು ಕುಡಿಯಬೇಕಾದವಳು ಬಟ್ಟಲನ್ನು ಪೂರ್ತಿ ಬರಿದು ಮಾಡಿದಳು.

“ಒಡೆಯ, ಇದರಲ್ಲಿ ಗಿರಿಯವ್ವನ ಬೇರಿಲ್ಲ. ನೆಲ್ಲಿ, ನೀರು, ಅವಳ ತಪ್ಪಲೆ, ಅಷ್ಟೇ. ವಿಷ ಬೇರಿನಲ್ಲಿದೆಯೆಂದು ಪ್ರಧಾನರು ಹೇಳುತ್ತಾರೆ. ಹಾಗಿದ್ದರೆ ಇದು ಕೂಸೂ ಕುಡಿಯಬಹುದಾದ ನೀರು. ಅವರೊಂದು ಬಟ್ಟಲು ಕುಡಿಯಲಿ.”

ಸಭೆಯ ಕಣ್ಣೆಲ್ಲ ಪ್ರಧಾನಿಯತ್ತ ತಿರುಗಿತು.

“ನನಗೆ ಅಷ್ಟಮಿಯ ವ್ರತ,” ಎಂದರು ಸಾಂತರಸಯ್ಯ.

“ನೆಲ್ಲಿ ನೀರಿಗೆ ವ್ರತ ಕೆಡುವುದೇ, ಸ್ವಾಮೀ? ಹೋಗಲಿ, ವ್ರತವಿಲ್ಲದ ನಿಮ್ಮ ಅಳಿಯಂದಿರು ಕುಡಿಯಲಿ.”

ಬೊಮ್ಮಣ್ಣನಾಯಕನಿಗೆ ಈ ಮಾತಿನ ಹಿಂದುಮುಂದು ಏನೂ ತಿಳಿಯದು. ಅಣ್ಣನ ಮುಖ, ಮುದುಕಿಯ ಮುಖ ನೋಡಿದ. “ನೆಲ್ಲಿ ನೀರಿಗೆ ಇಷ್ಟೆಲ್ಲ ಏಕೆ? ಕೊಡು, ದೇಯಕ್ಕ, ಬಾಯಾರಿಕೆಯೂ ಆಗಿದೆ” ಎಂದು ಬಟ್ಟಲೆತ್ತಿ ತುಟಿಗೆ ಹಚ್ಚಿದ.

“ಬೇಡ!”

ಸಾಂತರಸಯ್ಯನವರ ಕೈ ಬೀಸಿ ಬಂದು ಬಟ್ಟಲನ್ನು ಹೊಡೆಯಿತು. ಅದು ಕಲ್ಲುಹಾಸಿನ ಮೇಲೆ ಉರುಳುತ್ತ ಉರುಳುತ್ತ ಹೋಗಿ ದೊರೆಯ ಮಂಚದ ಕಾಲಿಗೆ ಬಡಿದು ನಿಂತಿತು.

“ಮಾವನವರೇ,” ಎಂದ ಬೊಮ್ಮಣ್ಣ ಮೆಲ್ಲಗೆ, ಒದ್ದೆಯಾದ ತನ್ನ ಕೈಯನ್ನು ನೋಡುತ್ತ, “ಇದರಲ್ಲಿ ಏನಿದೆಯೆಂದು ನಿಮಗೆ ಹೇಗೆ ಗೊತ್ತು?”

ದೇಯಕ್ಕ ಹೇಳಿದಳು. ಮಧ್ಯಾಹ್ನದ ತಲೆಭಾರ, ತಾನಾಡಿದ ಮಾತು, ಕೆಂಪು ತಪ್ಪಲೆ, ಬೇರು ಬೇಡವೆಂದ ಊಳಿಗದವನು, ಒಂದನ್ನೂ ಬಿಡಲಿಲ್ಲ. ಕೊನೆಗೆ, “ಕಲಾಯಿಯಿಲ್ಲವೆಂದು ನನಗೆ ಪಾಡ್ಯದ ಬೆಳಗೇ ಗೊತ್ತಿತ್ತು, ಒಡೆಯ” ಎಂದಳು.

ದೊರೆ ದಿಂಬಿನಿಂದ ಎದ್ದು ಕುಳಿತರು. “ಗೊತ್ತಿದ್ದೂ ಸುಮ್ಮನಿದ್ದೆಯಾ? ನೀನು? ಏಕೆ?”

“ಹೊಟ್ಟೆಕಿಚ್ಚು. ಬೇರೆ ಹೆಸರಿಲ್ಲ ಅದಕ್ಕೆ. ನಿಮ್ಮ ತುಟಿಗೆ ಇನ್ನೊಬ್ಬಳ ಬಟ್ಟಲು ತಾಗುವುದನ್ನು ನೋಡಲಾರದೆ ಹೋದೆ.”

ಕಾವಲಿನವರು ಸಾಂತರಸಯ್ಯನವರನ್ನು ಹಿಡಿದು ಹೊರಗೆ ಒಯ್ದರು. ದೇಶದ ಎಲ್ಲೆ ದಾಟಿಸಬೇಕೆಂದು ಅಪ್ಪಣೆಯಾಯಿತು. ಗಿರಿಯವ್ವನ ಕೈಕಟ್ಟು ಬಿಚ್ಚಿದರು. ಆ ಗದ್ದಲದಲ್ಲಿ ದೇಯಕ್ಕನ ಕಡೆ ಯಾರೂ ನೋಡಲಿಲ್ಲ. ಅವಳು ಉಳಿದ ಬಟ್ಟಲನ್ನು ಕುಡಿದು, ತಪ್ಪಲೆಯಿಂದ ಮತ್ತೆ ತುಂಬಿ ಕುಡಿದು, ಮತ್ತೆ ತುಂಬುತ್ತಿದ್ದಳು. ಮೊದಲು ಕಂಡವಳು ಗಿರಿಯವ್ವ. ಓಡಿಬಂದು ಕೈ ಹಿಡಿದಳು.

“ಏನು ಮಾಡುತ್ತಿದ್ದೀರಿ ಅವ್ವಾ! ಸಾಕಲ್ಲ, ತೋರಿಸಿದ್ದಾಯಿತಲ್ಲ!”

“ಪಾಡ್ಯ, ಬಿದಿಗೆ, ತದಿಗೆ, ಚೌತಿ, ಪಂಚಮಿ,” ಎಂದಳು ದೇಯಕ್ಕ. “ಐದು ಬೆಳಗು ನನ್ನ ಕೂಸು ಇದನ್ನು ಕುಡಿಯಿತು. ಮೊದಲ ಗುಟುಕು ನನ್ನದಾಗಬೇಕಿತ್ತು. ಬಿಡು, ಎರಡು ಬಾಕಿಯಿವೆ.”

ಬಿಡಿಸಿಕೊಂಡು ನಾಲ್ಕನೆಯದನ್ನು ಕುಡಿದಳು. ಐದನೆಯದು ತುಂಬುವ ಮೊದಲು ಗಿರಿಯವ್ವ ತಪ್ಪಲೆಯನ್ನು ಕಾಲಿನಿಂದ ಒದ್ದು ಉರುಳಿಸಿದಳು.

ಎರಡು ದಿನ ಗಿರಿಯವ್ವ ಎರಡು ಹಾಸಿಗೆಗಳ ನಡುವೆ ಓಡಾಡಿದಳು. ಮಜ್ಜಿಗೆ, ಎಳನೀರು, ಅಕ್ಕಿಯ ತಿಳಿ. ದೊರೆಯ ಮೈ ಚೇತರಿಸಿಕೊಂಡಿತು. ಮುದುಕಿಯ ಮೈ ಚೇತರಿಸಿಕೊಳ್ಳಲಿಲ್ಲ.

ವಿಜಯದಶಮಿಯ ಬೆಳಗು ಹಾಲಪ್ಪನಾಯಕರು ಬೊಮ್ಮಣ್ಣನ ಹೆಗಲು ಹಿಡಿದು ಕುದುರೆಯೇರಿ, ಬನ್ನಿಯ ಕೊಂಬೆ ಕಡಿದು, ಜಯಘೋಷದ ನಡುವೆ ಹಿಂದಿರುಗಿದರು. ಸಿಂಹಾಸನದ ಕಡೆ ಹೋಗದೆ ನೇರವಾಗಿ ಕಷಾಯದ ಮನೆಗೆ ಬಂದು, ತಲೆ ತಗ್ಗಿಸಿ ಒಳಹೊಕ್ಕು, ಅವಳ ಅಂಗೈಯಲ್ಲಿ ನಾಲ್ಕು ಬನ್ನಿಯ ಎಲೆಗಳನ್ನಿಟ್ಟರು.

“ಬಂಗಾರ ತಂದಿದ್ದೇನೆ, ದೇಯಮ್ಮ.”

“ಕುದುರೆಯ ಮೇಲೆ ನೆಟ್ಟಗೆ ಕುಳಿತಿದ್ದೆಯಾ?” ಎಂದಳು ಅವಳು, ನಾಲ್ಕು ವರ್ಷದ ಹಾಲಪ್ಪನನ್ನು ಕೇಳುವಂತೆ.

“ಕುಳಿತಿದ್ದೆ.”

ಗಿರಿಯವ್ವ ಒಂದು ಬಟ್ಟಲು ತಂದಳು. ಕೊತ್ತಂಬರಿ, ಜೀರಿಗೆ, ಮೆಂತ್ಯ, ಶುಂಠಿ. ಆರು ತಿಂಗಳು ಪಕ್ಕದ ಒಲೆಯಲ್ಲಿ ಕುಳಿತು ಮೂಗಿನಿಂದಲೇ ಕಲಿತದ್ದು. ದೇಯಕ್ಕನ ತಲೆಯೆತ್ತಿ ಒಂದು ಗುಟುಕು ಕುಡಿಸಿದಳು. ಮುದುಕಿ ಬಹಳ ಹೊತ್ತು ಅದನ್ನು ನಾಲಗೆಯ ಮೇಲೆಯೇ ಇಟ್ಟುಕೊಂಡಿದ್ದಳು.

“ಮೆಂತ್ಯ ಸ್ವಲ್ಪ ಹೆಚ್ಚು ಹುರಿದಿದ್ದೀಯ.”

“ಹೌದು, ಅವ್ವಾ.”

“ಮತ್ತೆ ಏನೋ ಒಂದು ಕಡಿಮೆ.”

“ಏನು ಅವ್ವಾ ಅದು?”

ದೇಯಕ್ಕನ ಕೈ ಮೆಲ್ಲಗೆ ಸೆರಗಿನ ತುದಿಯನ್ನು ಹುಡುಕಿ, ಗಂಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಿತು. ಒಣಗಿದ ತುಟಿಯಲ್ಲಿ ನಗುವೊಂದು ಬಂತು. “ಹೇಳುವುದಿಲ್ಲ, ಹೋಗು,” ಎಂದಳು. “ಎಲ್ಲವನ್ನೂ ಕೊಟ್ಟೆ. ಇದೊಂದು ನನಗಿರಲಿ.”

ಸೂರ್ಯ ಪಡುವಣ ಬಂಡೆಗಳ ಹಿಂದೆ ಇಳಿಯುವ ಹೊತ್ತಿಗೆ ಅವಳು ತೀರಿಕೊಂಡಳು.

ಶವವನ್ನು ಮೀಯಿಸಿದವಳು ಗಿರಿಯವ್ವ. ಬಿಗಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಾಗ ಗಂಟು ಕೈಗೆ ಬಂತು. ಬಿಚ್ಚುವ ಅಗತ್ಯವಿರಲಿಲ್ಲ. ಕತ್ತಲೆಯಲ್ಲಿ ಮೂಗಿನಿಂದಲೇ ಬೇರು ಗುರುತಿಸಬಲ್ಲ ಹೆಂಗಸು ಅವಳು. ಒಂದು ಸಲ ಮೂಸಿದಳು, ತಿಳಿಯಿತು. ಹಟ್ಟಿಯ ಸಂತೆಯಲ್ಲೂ ಸಿಗುವಂಥದು. ಇನ್ನು ಮುಂದೆ ಬೇಕೆಂದರೆ ಪ್ರತಿ ಬೆಳಗೂ ಆ ಕಷಾಯವನ್ನು ಯಾವ ಕೊರತೆಯೂ ಇಲ್ಲದೆ ಕುದಿಸಬಹುದಾಗಿತ್ತು.

ಅವಳು ಗಂಟನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿ, ದೇಯಕ್ಕನ ಮುಷ್ಟಿಯಲ್ಲಿ ಮೊದಲಿನಂತೆಯೇ ಇಟ್ಟು, ಬೆರಳುಗಳನ್ನು ಮಡಚಿದಳು. ಚಿತೆಗೆ ಬೆಂಕಿಯಿಟ್ಟವರು ಹಾಲಪ್ಪನಾಯಕರೇ. ಜ್ವಾಲೆಯೆದ್ದಾಗ ಒಂದು ಗಳಿಗೆ, ಒಂದೇ ಒಂದು ಗಳಿಗೆ, ಗಾಳಿಯಲ್ಲಿ ಎಲ್ಲರಿಗೂ ಪರಿಚಿತವಾದ ಆ ಪರಿಮಳ ತೇಲಿ ಹೋಯಿತು.

“ಗಿರಿಯವ್ವ,” ಎಂದರು ದೊರೆ, “ನಿನಗೆ ತಿಳಿದಿರಬೇಕು. ಏನಿತ್ತು ಆ ಗಂಟಿನಲ್ಲಿ?”

ಗಿರಿಯವ್ವ ಬೆಂಕಿಯನ್ನೇ ನೋಡುತ್ತಿದ್ದಳು.

“ಅದು ದೇಯಕ್ಕನದು, ಬುದ್ಧೀ,” ಎಂದಳು.